ಅಲೆಯೊಂದಿಗೆ ನೀರೂ ಸಾಗುತ್ತದೆಯೇ?

ಪ್ರಶ್ನೆ: ಸಮುದ್ರದ ಅಲೆಗಳು ಬಹುದೂರದಿಂದ ನೀರನ್ನು ಹೊತ್ತು ತರುತ್ತವೆಯೇ? ಅವು ದಡದ ಹತ್ತಿರ ಬಂದಾಗಲೇ ಒಡೆಯುವುದೇಕೆ?

ಉತ್ತರ: ಅಲೆಯೊಂದಿಗೆ ದೂರ ಸಾಗುವುದು ಮುಖ್ಯವಾಗಿ ಗಾಳಿಯಿಂದ ಪಡೆದ ಶಕ್ತಿಯೇ ಹೊರತು ನೀರಲ್ಲ. ತೇಲುತ್ತಿರುವ ಮರದ ತುಂಡೊಂದನ್ನು ಗಮನಿಸಿ: ಅಲೆಯ ಶಿಖರ ಬಂದಾಗ ಅದು ಮೇಲೇರಿ ತುಸು ಮುಂದೆ ಸರಿಯುತ್ತದೆ, ತಗ್ಗು ಬಂದಾಗ ಕೆಳಗಿಳಿದು ಹಿಂದೆ ಬರುತ್ತದೆ, ಹೀಗೆ ಹೆಚ್ಚುಕಡಿಮೆ ಒಂದು ವೃತ್ತವನ್ನು ಪೂರೈಸಿ ಮೊದಲಿದ್ದ ಜಾಗದ ಸಮೀಪಕ್ಕೇ ಮರಳುತ್ತದೆ. ನೀರಿನ ಕಣಗಳ ಚಲನೆಯೂ ಹೀಗೆಯೇ. ಆಳಕ್ಕೆ ಹೋದಂತೆ ಈ ವೃತ್ತಗಳು ಕಿರಿದಾಗುತ್ತಾ, ಎರಡು ಶಿಖರಗಳ ನಡುವಿನ ಅಂತರದ ಅರ್ಧದಷ್ಟು ಆಳದಲ್ಲಿ ಬಹುತೇಕ ಇಲ್ಲವಾಗುತ್ತವೆ. ಆ ಅಂತರ 100 ಮೀಟರ್ ಇದ್ದರೆ, 50 ಮೀಟರ್ ಕೆಳಗಿನ ನೀರು ಕದಲುವುದು ಅತ್ಯಲ್ಪ.

ದಡದ ಬಳಿ ಸಮುದ್ರದ ಆಳ ಈ ಮಿತಿಗಿಂತ ಕಡಿಮೆಯಾಗುವುದರಿಂದ ಅಲೆಯ ವೇಗ ಕುಗ್ಗುತ್ತದೆ, ಹಿಂದಿನ ಅಲೆಗಳು ಒತ್ತೊತ್ತಾಗುತ್ತವೆ, ಎತ್ತರ ಹೆಚ್ಚುತ್ತದೆ. ನೀರಿನ ಆಳವು ಅಲೆಯ ಎತ್ತರದ ಸುಮಾರು 1.3 ಪಟ್ಟಿಗೆ ಇಳಿದಾಗ ಶಿಖರವು ಬುಡವನ್ನು ಮೀರಿ ಮುಂದೆ ಬಾಗಿ ಮಗುಚಿಬೀಳುತ್ತದೆ. ನೀರು ನಿಜವಾಗಿ ಮುನ್ನುಗ್ಗುವುದು ಇಲ್ಲಿ. ಹಾಗೆ ಬಂದ ನೀರು ಹಿಂದಿರುಗಲೇಬೇಕಾದ್ದರಿಂದ ಕೆಲವೆಡೆ ಕಿರಿದಾದ, ರಭಸದ ಸೆಳೆತಗಳು ಉಂಟಾಗುತ್ತವೆ. ಈಜುವವರು ಇದನ್ನು ಅವಶ್ಯವಾಗಿ ತಿಳಿದಿರಬೇಕು: ಸೆಳೆತಕ್ಕೆ ಸಿಕ್ಕವರು ಅದಕ್ಕೆ ಎದುರಾಗಿ ಈಜಿ ದಣಿಯದೆ, ದಡಕ್ಕೆ ಸಮಾನಾಂತರವಾಗಿ ಈಜಿ ಅದರಿಂದ ಹೊರಬರಬೇಕು.

ಪ್ರಶ್ನೆ: ಬಯಲಿನಲ್ಲಿ ನದಿ ಅಂಕುಡೊಂಕಾಗಿ ಹರಿಯುವುದೇಕೆ?

ಉತ್ತರ: ಸಣ್ಣದೊಂದು ತಿರುವು ಮೂಡಿದರೆ ಸಾಕು, ಅದರ ಹೊರದಂಡೆಯಲ್ಲಿ ವೇಗವಾಗಿ ಹರಿಯುವ ನೀರು ಮಣ್ಣನ್ನು ಕೊರೆಯುತ್ತದೆ, ಒಳದಂಡೆಯಲ್ಲಿ ನಿಧಾನವಾದ ನೀರು ಮರಳನ್ನು ಇಳಿಸುತ್ತದೆ, ಹೀಗಾಗಿ ತಿರುವು ತಾನಾಗಿಯೇ ಬೆಳೆಯುತ್ತಾ ಹೋಗುತ್ತದೆ.