ಕುಂಬಳೆಯ ದಡದ ನೀರು ಹಸಿರು, ಹೊರಗಡಲು ನೀಲಿ: ಕಾರಣವೇನು?

ಮಳೆಗಾಲದ ಕೊನೆಗೆ ಕುಂಬಳೆ, ಮಂಜೇಶ್ವರದ ದಡದ ನೀರು ಹಸಿರಾಗಿಯೂ ಹೊರಗಿನ ಅರಬ್ಬೀ ಸಮುದ್ರ ನೀಲಿಯಾಗಿಯೂ ಕಾಣುವುದೇಕೆ ಎಂದು ಕೇಳಿದ್ದೀರಿ. ನೀರಿನಲ್ಲಿ ಕರಗಿರುವ ನೈಟ್ರೇಟ್, ಫಾಸ್ಫೇಟ್ ಮತ್ತು ಸಿಲಿಕೇಟ್‌ಗಳೆಂಬ ಪೋಷಕಾಂಶಗಳ ಪ್ರಮಾಣವೇ ಎಲ್ಲಿ ಯಾವ ಸಸ್ಯಪ್ಲವಕ (ನೀರಿನಲ್ಲಿ ತೇಲುತ್ತ, ಗಿಡಗಳಂತೆ ಬಿಸಿಲಿನಿಂದ ಆಹಾರ ತಯಾರಿಸುವ ಸೂಕ್ಷ್ಮಜೀವಿ) ಬೆಳೆಯಬೇಕೆಂಬುದನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ಮತ್ತು ಪ್ರವಾಹಗಳ ಪ್ರಭಾವದಿಂದ ನಮ್ಮ ಕರಾವಳಿಯ ಮೇಲ್ಪದರದ ನೀರು ದಡದಿಂದ ದೂರ ಸರಿದು, ಆ ಜಾಗಕ್ಕೆ ಆಳದ ತಣ್ಣನೆಯ, ಪೋಷಕಾಂಶಭರಿತ ನೀರು ಏರಿಬರುತ್ತದೆ. ಚಂದ್ರಗಿರಿ, ಶಿರಿಯದಂತಹ ಹೊಳೆಗಳು ಸಿಲಿಕೇಟನ್ನು ತಂದು ಸೇರಿಸುತ್ತವೆ. ಆ ಸಿಲಿಕೇಟ್ ಬಳಸಿ ಗಾಜಿನಂತಹ ಸಿಲಿಕಾದ ಹೊರಕವಚ ಕಟ್ಟಿಕೊಳ್ಳುವ ಸಸ್ಯಪ್ಲವಕಗಳಾದ ಡಯಾಟಮ್‌ಗಳಿಗೆ ಇದು ಸುಗ್ಗಿಯ ಕಾಲ. ಸೂಕ್ಷ್ಮದರ್ಶಕದಡಿ ಹಲವು ಜಾತಿಗಳು ಸರಪಳಿಯಂತೆ ಕೂಡಿಕೊಂಡು ಕಾಣುವ ಈ ದೊಡ್ಡ ಕೋಶಗಳು ವೇಗವಾಗಿ ವೃದ್ಧಿಸಿ ನೀರಿಗೆ ಹಸಿರು ಬಣ್ಣ ಕೊಡುವುದಲ್ಲದೆ, ನಮ್ಮ ಮೀನುಗಾರರು ನೆಚ್ಚಿರುವ ಬೂತಾಯಿ ಮೀನಿಗೆ ಮುಖ್ಯ ಆಹಾರವೂ ಆಗುತ್ತವೆ.

ಹೊರಗಡಲಿನಲ್ಲಿ, ಅದರಲ್ಲೂ ಬೇಸಿಗೆಯಲ್ಲಿ, ಬೆಚ್ಚಗಿನ ಹಗುರವಾದ ಮೇಲ್ಪದರವು ಆಳದ ನೀರು ಬೆರೆಯಲು ಬಿಡುವುದಿಲ್ಲ. ನೈಟ್ರೇಟ್ ಬಹುತೇಕ ಬರಿದಾದ ಅಲ್ಲಿ ಸುಮಾರು 0.6 ಮೈಕ್ರೋಮೀಟರ್ ಗಾತ್ರದ ಪ್ರೊಕ್ಲೋರೋಕಾಕಸ್‌ನಂತಹ ಅತಿ ಸಣ್ಣ ಸಸ್ಯಪ್ಲವಕಗಳದೇ ಮೇಲುಗೈ. ಕೋಶ ಸಣ್ಣದಾದಷ್ಟೂ ಅದರ ಗಾತ್ರಕ್ಕೆ ಹೋಲಿಸಿದರೆ ಮೇಲ್ಮೈ ಹೆಚ್ಚು. ಹೀಗಾಗಿ ಅತ್ಯಲ್ಪ ಪೋಷಕಾಂಶವನ್ನೂ ಅದು ಹೀರಿಕೊಳ್ಳಬಲ್ಲದು. ಒಟ್ಟು ಸಸ್ಯಪ್ಲವಕ ಕಡಿಮೆಯಿರುವುದರಿಂದ ಅಲ್ಲಿನ ನೀರು ನೀಲಿಯಾಗಿಯೇ ಕಾಣುತ್ತದೆ.

ಪೋಷಕಾಂಶ ಹೆಚ್ಚಿದಷ್ಟೂ ಒಳ್ಳೆಯದೆಂದು ಮಾತ್ರ ಭಾವಿಸಬಾರದು: ಸಿಲಿಕೇಟ್ ಮುಗಿದು ನೈಟ್ರೇಟ್ ಉಳಿದರೆ, ಸಿಲಿಕೇಟ್ ಬೇಡದ, ಕೆಲವೊಮ್ಮೆ ವಿಷಕಾರಿಯೂ ಆಗಿರುವ ಪ್ಲವಕಗಳಾದ ಡೈನೋಫ್ಲಾಜೆಲೇಟ್‌ಗಳು ಹೆಚ್ಚಬಹುದು, ಸತ್ತ ಪ್ಲವಕಗಳು ಕೊಳೆಯುವಾಗ ತಳದ ನೀರಿನ ಆಮ್ಲಜನಕವೂ ಕುಸಿಯುತ್ತದೆ.