ದಿಕ್ಸೂಚಿ ಒಂದು ಹೇಳುತ್ತದೆ, ಜಿಪಿಎಸ್ ಇನ್ನೊಂದು: ಬೋಟಿನ ಮುಖ ನಿಜವಾಗಿ ಎತ್ತ?

ಪ್ರಶ್ನೆ: ಮಲ್ಪೆಯಲ್ಲಿ ನಮ್ಮದೊಂದು ಸ್ಟೀಲ್ ಟ್ರಾಲ್ ಬೋಟ್ ಇದೆ. ಈ ಸಲ ಮಳೆಗಾಲದ ರಜೆಯಲ್ಲಿ ಬೋಟಿನ ಒಡಲಿಗೆ (ಹಲ್) ವೆಲ್ಡಿಂಗ್ ಮಾಡಿಸಿ, ದಿಕ್ಸೂಚಿ ನೋಡಿ ತಾನೇ ಚುಕ್ಕಾಣಿ ತಿರುಗಿಸುವ ಹೊಸ ಆಟೋಪೈಲಟ್ ಹಾಕಿಸಿದೆವು. ಆಗಸ್ಟ್‌ನಲ್ಲಿ ಕಡಲಿಗಿಳಿದಾಗಿನಿಂದ ಲೆಕ್ಕ ತಪ್ಪಿದೆ. ಪಶ್ಚಿಮಕ್ಕೆ ಹೋಗುವಾಗ ಆಟೋಪೈಲಟ್ ಜಿಪಿಎಸ್‌ಗಿಂತ 12 ಡಿಗ್ರಿ ಹೆಚ್ಚು ತೋರಿಸುತ್ತದೆ, ವಾಪಸು ಬರುವಾಗ 3 ಡಿಗ್ರಿ ಮಾತ್ರ. ಬಲೆ ಎಳೆಯುವಾಗ ಜಿಪಿಎಸ್‌ನ ಅಂಕಿಯೇ ನಿಲ್ಲುವುದಿಲ್ಲ. ಜಿಪಿಎಸ್ಸೇ ಸರಿ ಎನ್ನುತ್ತಾರೆ ಬೋಟು ನಡೆಸುವ ನಮ್ಮ ತಂಡೇಲರು. ಆಟೋಪೈಲಟ್‌ನ ಸೆಟ್ಟಿಂಗ್‌ನಲ್ಲಿ 12 ಡಿಗ್ರಿ ಕಳೆದುಬಿಡಬಹುದೇ?

ಉತ್ತರ: ದಯವಿಟ್ಟು ಕಳೆಯಬೇಡಿ. ಹೋಗುವಾಗ ಸರಿಯಾಗುತ್ತದೆ, ಬರುವಾಗ 9 ಡಿಗ್ರಿ ಉಲ್ಟಾ ತಪ್ಪಾಗುತ್ತದೆ. ದಿಕ್ಕು ಬದಲಾದಂತೆ ಬದಲಾಗುವ ತಪ್ಪನ್ನು ಒಂದೇ ಅಂಕಿ ಕಳೆದು ತೆಗೆಯಲು ಬರುವುದಿಲ್ಲ.

ತಂಡೇಲರ ಮಾತೂ ಅರ್ಧ ಮಾತ್ರ ಸರಿ. ಸಾಮಾನ್ಯ ಜಿಪಿಎಸ್‌ಗೆ ಬೋಟಿನ ಮುಖ ಎತ್ತ ಇದೆ ಎಂದು ಗೊತ್ತೇ ಆಗುವುದಿಲ್ಲ. ಬೋಟು ಎಲ್ಲಿಂದ ಎಲ್ಲಿಗೆ ಸರಿಯಿತು ಎಂಬುದನ್ನಷ್ಟೇ ಅದು ಲೆಕ್ಕ ಹಾಕುತ್ತದೆ. ಬಲೆ ಎಳೆಯುತ್ತ 3 ನಾಟ್ ವೇಗದಲ್ಲಿ ಹೋಗುವಾಗ ಅಡ್ಡದಿಂದ 1 ನಾಟ್ ನೀರಿನ ಸೆಳೆತವಿದ್ದರೆ, ಬೋಟು ಏಡಿಯ ಹಾಗೆ ಓರೆಯಾಗಿ ಸಾಗುತ್ತದೆ. ಮುಖಕ್ಕೂ ಸಾಗುವ ದಾರಿಗೂ ಆಗ ಸುಮಾರು 18 ಡಿಗ್ರಿ ಅಂತರ. ಅದೇ ಸೆಳೆತದಲ್ಲಿ 8 ನಾಟ್ ಓಡಿದರೆ ಅಂತರ 7 ಡಿಗ್ರಿಗೆ ಇಳಿಯುತ್ತದೆ. ಅಂದರೆ ಎರಡೂ ಯಂತ್ರ ಸರಿಯಿದ್ದರೂ ಅಂಕಿ ಬೇರೆ ಬೇರೆ ಬರಬಹುದು. ಇನ್ನು ವೇಗ ತೀರಾ ಕಡಿಮೆಯಾದಾಗ ಜಿಪಿಎಸ್ ಅಂಕಿ ಕುಣಿಯುವುದು ಸಹಜ, ಅದು ರೋಗವಲ್ಲ.

ಆದರೂ ನಿಮ್ಮ ಬೋಟಿನಲ್ಲಿ ನಿಜವಾದ ದೋಷವೂ ಇದೆ ಎಂದೇ ನನ್ನ ಅನುಮಾನ. ಸುಳಿವು ನಿಮ್ಮ ಪ್ರಶ್ನೆಯಲ್ಲೇ ಇದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಬೋಟು ಒಂದೇ ದಿಕ್ಕಿಗೆ ಮುಖ ಮಾಡಿ ನಿಂತಿತ್ತು. ಆ ಹೊತ್ತಿನಲ್ಲೇ ವೆಲ್ಡಿಂಗ್ ಕಾವು ತಾಗಿತು, ಸುತ್ತಿಗೆ ಪೆಟ್ಟು ಬಿತ್ತು. ಉಕ್ಕು ಭೂಮಿಯ ಕಾಂತತ್ವವನ್ನು ಹೀರಿಕೊಳ್ಳಲು ಇಷ್ಟು ಸಾಕು. ಮರದ ಬೋಟುಗಳ ಕಾಲದಲ್ಲಿ ಈ ತಾಪತ್ರಯ ಇಷ್ಟಿರಲಿಲ್ಲ. ಸ್ಟೀಲ್ ಬೋಟಿಗೆ ದೊಡ್ಡ ವೆಲ್ಡಿಂಗ್ ಕೆಲಸ ಆದಾಗಲೆಲ್ಲ ದಿಕ್ಸೂಚಿಯನ್ನು ಮತ್ತೆ ಹೊಂದಿಸಲೇಬೇಕು.

ಮೊದಲು ಆಟೋಪೈಲಟ್‌ಗೆ ದಿಕ್ಕು ಹೇಳುವ ದಿಕ್ಸೂಚಿ ಸೆನ್ಸರ್ ಎಲ್ಲಿದೆ ನೋಡಿ. ಕ್ಯಾಬಿನ್ ಒಳಗೆ ಉಕ್ಕಿನ ಗೋಡೆಗೋ ವೈರ್‌ಲೆಸ್‌ನ ಸ್ಪೀಕರಿಗೋ ತಾಗಿಕೊಂಡಿದ್ದರೆ, ಎಷ್ಟು ಹೊಂದಿಸಿದರೂ ನಿಲ್ಲುವುದಿಲ್ಲ. ಕ್ಯಾಬಿನ್ ಮಾಡಿನ ಮೇಲೆ ಅಲ್ಯೂಮಿನಿಯಂ ಅಥವಾ ಫೈಬರ್ ಕಂಬ ನಿಲ್ಲಿಸಿ ಅದಕ್ಕೆ ಕೂರಿಸಿ. ಬಳಿಕ ಬೋಟು ಧಕ್ಕೆಗೆ (ಜೆಟ್ಟಿಗೆ) ಕಟ್ಟಿರುವಾಗಲೇ ರೇಡಾರ್, ವೈರ್‌ಲೆಸ್, ದೀಪ, ಪಂಪ್ ಒಂದೊಂದಾಗಿ ಆನ್ ಮಾಡಿ, ಅಂಕಿ ನೋಡುತ್ತಿರಿ. ಯಾವುದಾದರೂ ಆನ್ ಆದಾಗ ಅಂಕಿ ಹಾರಿದರೆ ಅದರ ವಯರೇ ಕಾರಣ. ಪ್ಲಸ್ ಮೈನಸ್ ವಯರುಗಳನ್ನು ಒಂದಕ್ಕೊಂದು ಹೆಣೆದು, ಸೆನ್ಸರಿನಿಂದ ದೂರ ಎಳೆಯಿರಿ. ಸ್ಪ್ಯಾನರ್, ಟಾರ್ಚ್, ಮೊಬೈಲ್ ಅದರ ಹತ್ತಿರ ಇಡುವ ಅಭ್ಯಾಸವನ್ನು ಕಲಾಸಿಗಳಿಗೆ (ಬೋಟಿನ ಕೆಲಸಗಾರರಿಗೆ) ಬಿಡಿಸಿ.

ಆಮೇಲೆ ಸುತ್ತು ಹಾಕುವ ಕೆಲಸ. ಗಾಳಿ ಏಳುವ ಮೊದಲು, ಬೆಳಗಿನ ಜಾವ, ಅಳಿವೆಯಿಂದ ಹೊರಗೆ ಬಂಡೆಯಿಲ್ಲದ ವಿಶಾಲ ನೀರಿಗೆ ಹೋಗಿ. ಆಟೋಪೈಲಟ್‌ನಲ್ಲಿ ದಿಕ್ಸೂಚಿ ಹೊಂದಿಸುವ ಕ್ಯಾಲಿಬ್ರೇಶನ್ ಮೆನು ತೆರೆದು ಬಹಳ ನಿಧಾನವಾಗಿ ಪೂರ್ತಿ ಸುತ್ತು ತಿರುಗಿ, ಒಂದು ಸುತ್ತಿಗೆ ಸುಮಾರು 2 ನಿಮಿಷ ಹಿಡಿಯಲಿ. ಎಷ್ಟು ಸುತ್ತು ಎಂಬುದು ಕೈಪಿಡಿಯಲ್ಲಿರುತ್ತದೆ. ಅವಸರ ಮಾಡಿದರೆ ಕೆಲಸ ಕೆಡುವುದು ಇಲ್ಲೇ.

ಇದಾದ ಮೇಲೆ ನೀರು ಶಾಂತವಿರುವಾಗ 7-8 ನಾಟ್ ವೇಗದಲ್ಲಿ ಎಂಟೂ ದಿಕ್ಕಿಗೆ ನೇರ ಓಡಿಸಿ, ಜಿಪಿಎಸ್ ಮತ್ತು ಆಟೋಪೈಲಟ್ ಅಂಕಿಗಳನ್ನು ಜೊತೆಜೊತೆಗೆ ಬರೆದುಕೊಳ್ಳಿ. ಎಂಟರಲ್ಲೂ ಒಂದೇ ವ್ಯತ್ಯಾಸ ಬಂದರೆ ಸೆನ್ಸರ್ ವಾರೆಯಾಗಿ ಕೂತಿದೆ ಎಂದರ್ಥ. ಅದನ್ನು ಸೆಟ್ಟಿಂಗ್‌ನಲ್ಲಿ ಧೈರ್ಯವಾಗಿ ಕಳೆಯಿರಿ, ಆ ಸೆಟ್ಟಿಂಗ್ ಇರುವುದೇ ಅದಕ್ಕೆ. ಹೋಲಿಸುವ ಮೊದಲು ಎರಡೂ ಯಂತ್ರ ನಿಜ ಉತ್ತರ ದಿಕ್ಕಿನಲ್ಲೋ (ನಕ್ಷೆಯ ಉತ್ತರ) ಕಾಂತೀಯ ಉತ್ತರ ದಿಕ್ಕಿನಲ್ಲೋ (ದಿಕ್ಸೂಚಿ ಮುಳ್ಳು ತೋರುವ ಉತ್ತರ) ಒಂದೇ ರೀತಿ ಇವೆಯೇ ನೋಡಿ. ನಮ್ಮ ಕರಾವಳಿಯಲ್ಲಿ ಇವೆರಡರ ಅಂತರ ಒಂದೆರಡು ಡಿಗ್ರಿ ಮಾತ್ರ, 12 ಡಿಗ್ರಿಗೆ ಅದು ಕಾರಣವಾಗದು. ಕಾಂತೀಯ ಸಮಭಾಜಕ, ಅಂದರೆ ದಿಕ್ಸೂಚಿ ಮುಳ್ಳು ಮೇಲಕ್ಕೂ ಕೆಳಕ್ಕೂ ಬಾಗದೆ ಸಮವಾಗಿ ನಿಲ್ಲುವ ರೇಖೆ, ಭಾರತದ ದಕ್ಷಿಣ ತುದಿಯ ಹತ್ತಿರವೇ ಹಾದುಹೋಗುವುದರಿಂದ ಇಲ್ಲಿ ಮುಳ್ಳು ಕೆಳಕ್ಕೆ ಹೆಚ್ಚು ಬಾಗುವುದಿಲ್ಲ, ಉತ್ತರದತ್ತ ಎಳೆತವೂ ಗಟ್ಟಿ. ಯುರೋಪಿನ ಕಡಲಿಗಿಂತ ನಮ್ಮಲ್ಲಿ ದಿಕ್ಸೂಚಿಗೆ ಅನುಕೂಲ ಹೆಚ್ಚು.

ರೇಡಾರ್, ಪ್ಲಾಟರ್ (ನಕ್ಷೆ ತೋರಿಸುವ ಪರದೆ), ಆಟೋಪೈಲಟ್ ಮೂರಕ್ಕೂ ಒಂದೇ ಸೆನ್ಸರಿನಿಂದ ದಿಕ್ಕು ಹೋಗಲಿ. ರೇಡಾರ್‌ಗೆ 10 ಡಿಗ್ರಿ ತಪ್ಪು ದಿಕ್ಕು ಸಿಕ್ಕರೆ, 3 ನಾಟಿಕಲ್ ಮೈಲಿ ದೂರದ ನಾಡದೋಣಿ ನಕ್ಷೆಯ ಮೇಲೆ ಅರ್ಧ ಮೈಲಿ ಆಚೆ ಕಾಣುತ್ತದೆ. ರಾತ್ರಿ ಹೊತ್ತು ಇದು ಜೀವದ ಪ್ರಶ್ನೆ.

ಇಷ್ಟಾದರೂ ದಿಕ್ಕಿಗೊಂದು ತಪ್ಪು ಉಳಿದರೆ ಸ್ಯಾಟಲೈಟ್ ಕಂಪಾಸ್‌ಗೆ ಖರ್ಚು ಮಾಡಿ. ಒಂದಕ್ಕಿಂತ ಹೆಚ್ಚು ಆಂಟೆನಾಗಳಿಂದ ಅದು ಬೋಟಿನ ಮುಖವನ್ನೇ ಅಳೆಯುತ್ತದೆ. ನಿಂತಲ್ಲೇ ನಿಂತರೂ ದಿಕ್ಕು ಸಿಗುತ್ತದೆ, ಉಕ್ಕಿನ ಕಾಂತತ್ವ ಅದಕ್ಕೆ ತಾಗುವುದಿಲ್ಲ. ಸುತ್ತ ಆಕಾಶ ತೆರೆದಿರುವ ಜಾಗದಲ್ಲಿ, ರೇಡಾರ್ ಕಿರಣದ ಎತ್ತರ ತಪ್ಪಿಸಿ, ಬೋಟಿನ ನಡುಗೆರೆಗೆ ನೇರವಾಗಿ ಕೂರಿಸಲು ಹೇಳಿ.