ಬಂಜಿಬೇನೆಗೆ ನಾಲ್ಕು ಭಾಷೆ

ನೀವು ಕೇಳಿದ್ದರಲ್ಲಿ ತಪ್ಪೇನಿಲ್ಲ ಮಾರಾಯ್ರೇ. ಕೇರಳದ ಆಸ್ಪತ್ರೆಗಳನ್ನು ದೇಶವೇ ಹೊಗಳುವಾಗ ಕಾಸರಗೋಡಿನ ನಾವು ಮಂಗಳೂರಿನ ಬಸ್ಸು ಹತ್ತುವುದು ಯಾಕೆ? ದೂರ ಒಂದು ಕಾರಣ. ಕಾಸರಗೋಡು ಪೇಟೆಯಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರ್, ಕೋಝಿಕ್ಕೋಡಿಗೆ ಅದರ ಮೂರು ಪಟ್ಟಿಗಿಂತ ಹೆಚ್ಚು. 2020ರ ಮಾರ್ಚಿನಲ್ಲಿ ಕೋವಿಡ್ ಅಂತ ಕರ್ನಾಟಕ ಗಡಿ ರಸ್ತೆಗಳಿಗೆ ಮಣ್ಣು ಸುರಿದಾಗ ಆ ಐವತ್ತು ಕಿಲೋಮೀಟರ್ ಎಷ್ಟು ಉದ್ದ ಅಂತಲೂ ನೋಡಿದೆವು. ಇನ್ನೊಂದು ಕಾರಣ ಭಾಷೆ. ಅದಕ್ಕೆ ನನ್ನ ಅಕ್ಕನ ಮಗನ ಕಥೆಯನ್ನೇ ಹೇಳಬೇಕು.

ಅವನಿಗೆ 14 ತುಂಬಿದಾಗ ಹೊಟ್ಟೆನೋವು, ನಮ್ಮ ತುಳುವಿನ ಬಂಜಿಬೇನೆ, ಶುರುವಾಯಿತು. ಊಟವಾದ ಮೇಲೆ ಹೊಕ್ಕುಳಿನ ಮೇಲ್ಗಡೆ ಹಿಡಿದುಕೊಂಡು ಬೆನ್ನಿಗೆ ಹೋಗುತ್ತಿತ್ತು. ದಿಂಬು ಅಪ್ಪಿಕೊಂಡು ಮುಂದಕ್ಕೆ ಬಾಗಿ ಕೂತರೆ ತುಸು ಆರಾಮ. ವಾರಗಟ್ಟಲೆ ಸುದ್ದಿಯೇ ಇಲ್ಲ, ಮತ್ತೆ ಒಂದು ರಾತ್ರಿ ಎಬ್ಬಿಸಿ ಕೂರಿಸುತ್ತಿತ್ತು. ಓಮದ ನೀರು, ಜೀರಿಗೆ ಕಷಾಯ, ಹುಳದ ಮಾತ್ರೆ, ಮಂತ್ರಿಸಿದ ನೂಲು ಎಲ್ಲ ಆಯಿತು. ಹೊರಗಿನ ನೆಂಟರು ಕೇಳುತ್ತಿದ್ದದ್ದು ಒಂದೇ: ಎಂಡೋಸಲ್ಫಾನಾ? ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿದ ಆ ಕೀಟನಾಶಕದ ವಿಷ ಇಲ್ಲಿ ಎಷ್ಟೋ ಮನೆ ಹಾಳು ಮಾಡಿದ್ದು ನಿಜ. ಹಾಗಂತ ನಮ್ಮೂರಿನ ಪ್ರತಿ ನೋವಿಗೂ ಅದೇ ಹೆಸರು ಇಟ್ಟರೆ ಉಳಿದದ್ದನ್ನು ಹುಡುಕುವವರು ಯಾರು?

ಇನ್ನು ಭಾಷೆ. ಹುಡುಗನಿಗೆ ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ಬಸ್ಸಿಗೆ, ಅಂಗಡಿಗೆ ಬೇಕಾದಷ್ಟು ಮಲಯಾಳ ಬರುತ್ತದೆ, ನೋವು ಹೇಳುವಷ್ಟು ಬಾರದು. ಇತ್ತಕಡೆಯ ಡಾಕ್ಟರು 'ಎರಿಚ್ಚಿಲ್ ಉಂಡೋ?' ಎಂದು ಕೇಳಿದರು, ಉರಿ ಇದೆಯಾ ಅಂತ. ಇವನು ನಾಚಿಕೆಗೆ ತಲೆಯಾಡಿಸಿದ. ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಗ್ಯಾಸ್ಟ್ರಿಕ್ ಎಂದು ಬಿತ್ತು. ಮುಂದಿನವರು ಹುಡುಗನಿಗಿಂತ ಮೊದಲು ಆ ಚೀಟಿಯನ್ನು ನೋಡಿದರು. ಹತ್ತನೇ ಕ್ಲಾಸಿಗೆ ಬಂದಾಗ ಅದು 'ಪರೀಕ್ಷೆಯ ಟೆನ್ಶನ್' ಆಯಿತು.

ಅವರನ್ನು ಪೂರ್ತಿ ದೂರುವ ಹಾಗೂ ಇಲ್ಲ. ಈ ಪ್ರಾಯದ ಮಕ್ಕಳ ಪದೇಪದೇ ಬರುವ ಹೊಟ್ಟೆನೋವಿನಲ್ಲಿ ಹೆಚ್ಚಿನವಕ್ಕೆ ಸ್ಕ್ಯಾನಿನಲ್ಲಿ ಕಾಣುವ ರೋಗವೇ ಇರುವುದಿಲ್ಲ. ಕರುಳು ಮತ್ತು ಮಿದುಳಿನ ನಡುವಿನ ಸಂಪರ್ಕದಲ್ಲೇ ಏರುಪೇರು, ನೋವು ಮಾತ್ರ ನಿಜ. ಆದರೆ ತೂಕ ಇಳಿಯುವುದು, ನಿದ್ದೆಯಿಂದ ಎಬ್ಬಿಸುವ ನೋವು, ಮಲದಲ್ಲಿ ರಕ್ತ, ಬಿಡದ ಜ್ವರ, ಇವು ಇದ್ದರೆ ಟೆನ್ಶನ್ ಎಂದು ಕೈತೊಳೆಯುವ ಹಾಗಿಲ್ಲ. ನಮ್ಮ ಹುಡುಗ ಒಂದು ವರ್ಷದಲ್ಲಿ ಆರು ಕಿಲೋ ಇಳಿದಿದ್ದ. ನಾವು ಅದನ್ನು ಎತ್ತರ ಬೆಳೆಯುತ್ತಿದ್ದಾನೆ ಅಂದುಕೊಂಡೆವು.

ಮಂಗಳೂರಿನಲ್ಲಿ ಸಿಕ್ಕಿದ ಡಾಕ್ಟರು ತುಳುವಿನಲ್ಲಿ 'ಓಲು ಬೇನೆ ಆಪುಂಡು ಮಗಾ?' (ಎಲ್ಲಿ ನೋವಾಗುತ್ತದೆ ಮಗಾ?) ಎಂದದ್ದೇ ತಡ, ಎರಡು ವರ್ಷ ತಲೆ ಮಾತ್ರ ಆಡಿಸಿದವನು ಬಾಯಿ ಬಿಟ್ಟ. ಬೆನ್ನಿಗೆ ಹೋಗುವುದು, ದಿಂಬು, ಕೊನೆಗೆ ಅಕ್ಕನಿಗೂ ಹೇಳದ ಸಂಗತಿ: ಮಲ ಜಿಡ್ಡುಜಿಡ್ಡಾಗಿ ತೇಲುತ್ತದೆ, ಎರಡು ಬಕೆಟ್ ನೀರು ಹೊಯ್ದರೂ ಹೋಗುವುದಿಲ್ಲ. ಡಾಕ್ಟರು ನಮ್ಮ ಬಟ್ಟೆಯಂಗಡಿ ಚೀಲದಿಂದ ಹಳೆಯ ಸ್ಕ್ಯಾನ್ ರಿಪೋರ್ಟು ತೆಗೆದರು. ಕೊನೆಯ ಸಾಲಿನಲ್ಲಿ, ಗ್ಯಾಸಿನಿಂದಾಗಿ ಪ್ಯಾಂಕ್ರಿಯಾಸ್, ಅಂದರೆ ಜೀರ್ಣರಸ ಮತ್ತು ಇನ್ಸುಲಿನ್ ತಯಾರಿಸುವ ಮೇದೋಜೀರಕ ಗ್ರಂಥಿ, ಸರಿಯಾಗಿ ಕಾಣಲಿಲ್ಲ ಎಂದು ಬರೆದಿತ್ತು. ನಾವು ಯಾರೂ ಅಲ್ಲಿಯವರೆಗೆ ಓದಿರಲಿಲ್ಲ. ಸಾದಾ ಎಕ್ಸ್‌ರೇಯಲ್ಲೇ ಬಿಳಿ ಚುಕ್ಕೆಗಳು ಕಂಡವು, ಸಿಟಿ ಸ್ಕ್ಯಾನ್ ಖಚಿತಪಡಿಸಿತು. ಅದೇ ಗ್ರಂಥಿಯಲ್ಲಿ ಕಲ್ಲು.

ತಮಾಷೆ ನೋಡಿ, ಈ ಕಾಯಿಲೆಯನ್ನು ಎಲ್ಲರಿಗಿಂತ ಹೆಚ್ಚು ಬಲ್ಲದ್ದು ಕೇರಳವೇ. ಅಲ್ಲಿನ ವೈದ್ಯ ಪಿ.ಜೆ. ಗೀವರ್ಗೀಸ್ 1960ರ ದಶಕದಲ್ಲೇ ಇಂಥ ನೂರಾರು ರೋಗಿಗಳನ್ನು ಅಧ್ಯಯನ ಮಾಡಿದ್ದರು: ಬಾಲ್ಯದಲ್ಲಿ ಹೊಟ್ಟೆನೋವು, ಹರೆಯದಲ್ಲಿ ಮಧುಮೇಹ. ಆಗ ಮರಗೆಣಸಿನ ಮೇಲೆ ಅನುಮಾನವಿತ್ತು. ಅದು ಸಾಬೀತಾಗಲಿಲ್ಲ, ಈಗ ಹಲವರಲ್ಲಿ ಸ್ಪಿಂಕ್-1 ಎಂಬ ಜೀನಿನ ಬದಲಾವಣೆ ಸಿಕ್ಕಿದೆ. ಮಲಯಾಳದಲ್ಲಿ ಈ ಗ್ರಂಥಿಗೆ ಆಗ್ನೇಯ ಗ್ರಂಥಿ ಎನ್ನುತ್ತಾರೆ. ಎಷ್ಟು ಚಂದದ ಹೆಸರು! ನಮ್ಮ ಕಿವಿಗೆ ಅದು ಬಿದ್ದದ್ದು ರೋಗ ಗೊತ್ತಾದ ಮೇಲೆ.

ಈಗ ಊಟದ ಜೊತೆ ಜೀರ್ಣಕ್ಕೆ ನೆರವಾಗುವ ಎನ್‌ಜೈಮ್ ಕ್ಯಾಪ್ಸೂಲ್, ಆಗಾಗ ಶುಗರ್ ಪರೀಕ್ಷೆ. ಎಂಡೋಸ್ಕೋಪಿಯಲ್ಲಿ ಒಂದು ಕಲ್ಲು ತೆಗೆಸಿದ್ದೇವೆ. ತೂಕ ಮರಳಿದೆ, ನೋವು ಪೂರ್ತಿ ಹೋಗಿಲ್ಲ. ಮರಗೆಣಸಿನ ತಪ್ಪಲ್ಲ ಎಂದು ಡಾಕ್ಟರು ಎರಡೆರಡು ಸಲ ಹೇಳಿದರೂ ಅವನ ಅಜ್ಜಿ ಮಾತ್ರ ಹಿತ್ತಿಲಿನ ಗೆಣಸನ್ನು ಅವನು ಏಳುವ ಮೊದಲೇ ಕಿತ್ತು ಪಕ್ಕದ ಮನೆಗೆ ಕೊಟ್ಟು ಬರುತ್ತಾಳೆ.